‘ಅಯ್ಯೋ ಪಾಪ’ದ ಆಚೆಗೆ: ತುಮಕೂರಿನ ಎಂಟು ವಾರದ ಕರುಣೆ ತರಗತಿ ಹೇಗಿದೆ?

ಕಣ್ಣು ಮುಚ್ಚಿ ಕೂತು, ಇನ್ನೊಬ್ಬರಿಗೆ ಒಳ್ಳೆಯದನ್ನು ಹಾರೈಸುತ್ತಾ ಕರುಣೆ ರೂಢಿಸಿಕೊಳ್ಳುವ ಧ್ಯಾನದ ತರಗತಿ ಇದು. ಎಸ್‌ಎಸ್ ಪುರಂನಲ್ಲಿ ಮಹಡಿ ಮೇಲಿನ ಒಂದು ಹಾಲ್. ಹೊರಗೆ ಬೋರ್ಡಿಲ್ಲ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮೆಟ್ಟಿಲ ಬುಡದಲ್ಲಿ ಇಪ್ಪತ್ತು ಜೊತೆ ಚಪ್ಪಲಿ ಕಂಡರೆ ಅದೇ ಜಾಗ. ಏಳರಿಂದ ಒಂಬತ್ತು, ಎಂಟು ಭಾನುವಾರ, ಒಟ್ಟು 600 ರೂಪಾಯಿ. ಅಷ್ಟರಲ್ಲೇ 40 ಪುಟದ ಕೈಪಿಡಿ, ವಾರವಾರ ಒಂದು ಲೋಟ ಜೀರಿಗೆ ಕಷಾಯ. ಒಂದು ತಂಡಕ್ಕೆ 24 ಜನ. ನಡೆಸುವವರು ಇಬ್ಬರು: ನಿವೃತ್ತ ಹೈಸ್ಕೂಲ್ ಶಿಕ್ಷಕಿ ಒಬ್ಬರು, ಬಹಳ ಕಾಲ ವಾರ್ಡಿನಲ್ಲಿ ದುಡಿದ ನರ್ಸ್ ಒಬ್ಬರು. ಎಲ್ಲರೂ ಮೇಡಂ, ಸಿಸ್ಟರ್ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಇರಲಿ.

ಕಾದು ಓದುವ ವ್ಯವಧಾನ ಇಲ್ಲದವರಿಗೆ ತೀರ್ಪು ಮೊದಲೇ: ಮೊದಲ ಐದು ವಾರಕ್ಕೆ ಪಾವಗಡದಿಂದ ಬಸ್ ಹತ್ತಿ ಬಂದರೂ ನಷ್ಟವಿಲ್ಲ. ಆರನೇ ವಾರವನ್ನು ಈಗಿರುವ ರೀತಿಯಲ್ಲಿ ನಡೆಸಬಾರದು. ಏಳನೆಯದು ಚೆನ್ನಾಗಿದೆ. ‘ನನ್ನಿಂದ ಜಗತ್ತಿಗೆ’ ಅಂತ ದೊಡ್ಡ ಹೆಸರು ಹೊತ್ತ ಎಂಟನೇ ವಾರ ಬರೀ ಚಪ್ಪಾಳೆ. ಐದಕ್ಕೆ ಮೂರೂವರೆ.

ವಿಧಾನದ ಮೂಲ ಹಳೆಯದು. ಮೈತ್ರಿ, ಕರುಣೆ, ಮುದಿತೆ (ಇನ್ನೊಬ್ಬರ ಸುಖಕ್ಕೆ ಹಿಗ್ಗುವುದು), ಉಪೇಕ್ಷೆ (ಇಲ್ಲಿ ಕಡೆಗಣಿಸುವುದಲ್ಲ, ಸಮಚಿತ್ತ) ಎಂಬ ನಾಲ್ಕಕ್ಕೆ ಬೌದ್ಧರಲ್ಲಿ ಬ್ರಹ್ಮವಿಹಾರ ಅಂತ ಹೆಸರು. ಯೋಗಸೂತ್ರದಲ್ಲೂ ಈ ನಾಲ್ಕು ಇದೇ ಸಾಲಿನಲ್ಲಿ ಬರುತ್ತವೆ. ಎಂಟು ವಾರದ ಚೌಕಟ್ಟು ಮಾತ್ರ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂದದ್ದು. ಅಲ್ಲಿ ಅದನ್ನು ರೂಪಿಸಿದವರಲ್ಲಿ ಮುಖ್ಯರು ಥುಪ್ತೆನ್ ಜಿನ್ಪಾ, ದಲೈ ಲಾಮಾ ಅವರ ಇಂಗ್ಲಿಷ್ ಅನುವಾದಕರು. ಅವರು ಟಿಬೆಟನ್ ಬೌದ್ಧರ ಉನ್ನತ ವಿದ್ವತ್ ಪದವಿಯಾದ ಗೆಶೆ ಪಡೆದದ್ದು ಗಾಂದೆನ್ ಮಠದಲ್ಲಿ, ಅಂದರೆ ನಮ್ಮ ಮುಂಡಗೋಡಿನಲ್ಲಿ. ಕ್ಯಾಲಿಫೋರ್ನಿಯಾದ ಸರಕು ಅಂತ ಮೂಗು ಮುರಿಯುವವರು ಇಷ್ಟು ತಿಳಿದಿದ್ದರೆ ಸಾಕು.

ತರಗತಿಯ ಮೊದಲ ಒಳ್ಳೆಯ ಕೆಲಸ, ಪದಗಳನ್ನು ಬಿಡಿಸಿಡುವುದು. ದಾರಿಯಲ್ಲಿ ಬಿದ್ದವರನ್ನು ಕಂಡಾಗ ನಮ್ಮ ಬಾಯಿಗೆ ಬರುವುದು ‘ಅಯ್ಯೋ ಪಾಪ’. ಅದು ಕನಿಕರ, ಮೇಲೆ ನಿಂತು ಕೆಳಗೆ ನೋಡುತ್ತದೆ, ನೋಡಿ ಮುಂದೆ ಹೋಗುತ್ತದೆ. ಇನ್ನೊಬ್ಬರ ನೋವು ನಮ್ಮೊಳಗೂ ನೋವಾಗಿ ಏಳುವುದು ಮರುಕ. ಆ ನೋವು ಇಳಿಯಲಿ ಅಂತ ಬಯಸಿ, ಅದಕ್ಕೆ ಕೈ ಹಾಕಲು ತಯಾರಾಗುವುದು ಕರುಣೆ. ಮರುಕ ಮತ್ತು ಕರುಣೆಯ ಈ ವ್ಯತ್ಯಾಸ ಬರೀ ನಿಘಂಟಿನದ್ದಲ್ಲ. ಜರ್ಮನಿಯ ಸಂಶೋಧಕರಾದ ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ಪ್ರಯೋಗಗಳಲ್ಲಿ, ಇನ್ನೊಬ್ಬರ ನೋವನ್ನು ಹಾಗೇ ಅನುಭವಿಸುವ ತರಬೇತಿ ಪಡೆದವರ ಮನಸ್ಸು ಇನ್ನಷ್ಟು ಕುಗ್ಗಿತು. ಅವರಿಗೇ ಆಮೇಲೆ ಕರುಣೆಯ ತರಬೇತಿ ಕೊಟ್ಟಾಗ ಮನಸ್ಸು ಚೇತರಿಸಿಕೊಂಡಿತು. ರೋಗಿಗಳ ನಡುವೆ ಹತ್ತು ವರ್ಷ ಕಳೆದವರು ಯಾಕೆ ಸಿಡಿಮಿಡಿ ಆಗುತ್ತಾರೆ ಅನ್ನುವುದಕ್ಕೆ ಇದರಲ್ಲಿ ಒಂದು ಉತ್ತರ ಇದೆ: ಬಹಳ ಸಲ ಅವರಲ್ಲಿ ಬತ್ತಿದ್ದು ಕರುಣೆ ಅಲ್ಲ, ಮರುಗಿ ಮರುಗಿ ಸುಸ್ತಾಗಿರುವುದು. ಸಿಸ್ಟರ್ ಈ ಭಾಗವನ್ನು ವಾರ್ಡಿನ ಭಾಷೆಯಲ್ಲೇ ಹೇಳುತ್ತಾರೆ, ಚೆನ್ನಾಗಿ ಹೇಳುತ್ತಾರೆ. ಆದರೆ ಕೈಪಿಡಿ ಮೂರಕ್ಕೂ ‘ಸಹಾನುಭೂತಿ’ ಅಂತ ಒಂದೇ ಪದ ಹಾಕಿ ಇಡೀ ಪಾಠವನ್ನು ಕೆಡಿಸಿದೆ. ಮುಂದಿನ ಮುದ್ರಣದಲ್ಲಿ ತಿದ್ದಲೇಬೇಕು.

ಕೈ ಎಲ್ಲಿಡಬೇಕು ಅನ್ನುವುದರಲ್ಲೂ ಇವರು ಸ್ವಂತ ಬುದ್ಧಿ ಉಪಯೋಗಿಸಿದ್ದಾರೆ. ಪಶ್ಚಿಮದ ತರಗತಿಗಳಲ್ಲಿ ಅಂಗೈಯನ್ನು ಎದೆ ಮೇಲೆ ಇಡಿಸುತ್ತಾರೆ. ಇಲ್ಲಿ ಹೊಕ್ಕಳ ಮೇಲೆ. ಕನ್ನಡದಲ್ಲಿ ಮರುಗುವುದು ಕರುಳು ತಾನೆ. ‘ಕರುಳು ಚುರುಕ್ ಅಂತು’ ಅನ್ನುತ್ತೇವೆ, ದಯೆ ಇಲ್ಲದವರನ್ನು ‘ಕರುಳಿಲ್ಲದೋನು’ ಅಂತ ಬೈಯುತ್ತೇವೆ. ಜೊತೆಗೆ ಪ್ರಾಯೋಗಿಕ ಲಾಭವೂ ಇದೆ: ಹೊಟ್ಟೆ ಮೇಲೆ ಕೈ ಇದ್ದರೆ ಉಸಿರು ಎದೆಯಲ್ಲೇ ನಿಂತಿದೆಯೋ ಕೆಳಗಿಳಿಯುತ್ತಿದೆಯೋ ತಕ್ಷಣ ಗೊತ್ತಾಗುತ್ತದೆ.

ಮನಸ್ಸಿನಲ್ಲಿ ಹೇಳಿಕೊಳ್ಳುವ ಸಾಲುಗಳೂ ಹಾಗೇ. ‘ನೀವು ಸುಖವಾಗಿರಿ, ನೀವು ಸುರಕ್ಷಿತವಾಗಿರಿ’ ಎಂಬ ಅನುವಾದದ ಸಾಲು ಹೇಳಿಸಿದರೆ ಸರ್ಕಾರಿ ಜಾಹೀರಾತು ಓದಿದ ಹಾಗಿರುತ್ತದೆ. ಮೇಡಂ ಕೊಟ್ಟ ಸಾಲು ನಾಲ್ಕು: ‘ಹೊಟ್ಟೆ ತಣ್ಣಗಿರಲಿ. ಮೈ ನೆಟ್ಟಗಿರಲಿ. ರಾತ್ರಿ ಭಯವಿಲ್ಲದೆ ನಿದ್ದೆ ಬರಲಿ. ಹಿಡಿದ ಕೆಲಸ ಕೈಗೂಡಲಿ.’ ನಮ್ಮ ಕಡೆಯ ಅಜ್ಜಿಯರು ಊಟ ಹಾಕಿದವರಿಗೆ ಹರಸುತ್ತಿದ್ದ ಮಾತು ಮೊದಲ ಸಾಲಿನಲ್ಲೇ ಇದೆ. ಬಾಯಿಪಾಠದ ಶ್ರಮವೇ ಇಲ್ಲ. ಒಂದು ಉಸಿರಿಗೆ ಒಂದು ಸಾಲು, ಹೊರಗೆ ಬಿಡುವಾಗ. ಏನೂ ಅನಿಸದಿದ್ದರೆ ಗಾಬರಿ ಬೇಡ. ಅನಿಸಲೇಬೇಕು ಅಂತ ತಿಣುಕಿದರೆ ನಾಟಕ ಶುರುವಾಗುತ್ತದೆ. ಹಾರೈಕೆಯ ದಿಕ್ಕು ಸರಿ ಇದ್ದರೆ ಸಾಕು, ಭಾವ ತಡವಾಗಿ ಬಂದರೂ ನಡೆಯುತ್ತದೆ.

ಕೂರುವ ಕ್ರಮ: ಜಮಖಾನ ಅಥವಾ ಕುರ್ಚಿ, ಬೆನ್ನು ನೆಟ್ಟಗೆ, ಕಣ್ಣು ಅರೆ ಮುಚ್ಚಿದರೂ ಸರಿ. ಮೊದಲ ಹತ್ತು ನಿಮಿಷ ಬರೀ ಉಸಿರು, ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಹೊರಗಿನ ಉಸಿರು ಉದ್ದವಾದಾಗ ಎದೆ ಬಡಿತ ನಿಧಾನ ಆಗುತ್ತದೆ, ಅಷ್ಟೇ ಅದರ ಗುಟ್ಟು. ಹುಮ್ಮಸ್ಸಿನವರು ಆರನ್ನು ಹತ್ತು ಮಾಡಲು ಹೋಗಿ ತಲೆ ಸುತ್ತಿಸಿಕೊಳ್ಳುತ್ತಾರೆ. ಉಸಿರು ಕಟ್ಟುವ ಕೆಲಸ ಈ ಅಭ್ಯಾಸದಲ್ಲಿ ಎಲ್ಲೂ ಇಲ್ಲ. ಮನೆಯಲ್ಲಿ ಮೊದಲ ಮೂರು ವಾರ ದಿನಕ್ಕೆ 12 ನಿಮಿಷ, ಆಮೇಲೆ 20. ಮಲಗುವ ಮುಂಚೆ ಮಾಡಿದರೆ ನಿದ್ದೆ ಬರುತ್ತದೆ, ಕರುಣೆ ಬರುವುದಿಲ್ಲ. ಮುಖ ತೊಳೆದು ಕಾಫಿಗೆ ಮುಂಚೆ ಕೂರುವುದು ಒಳ್ಳೆಯದು.

ಎರಡನೇ ವಾರ ಹತ್ತಿರದವರೊಬ್ಬರಿಗೆ ಹಾರೈಕೆ, ಮೂರನೇ ವಾರ ತನಗೆ. ಪಾಲಿ ಭಾಷೆಯ ಹಳೆಯ ಬೌದ್ಧ ಸಂಪ್ರದಾಯದಲ್ಲಿ ತನ್ನಿಂದಲೇ ಶುರು. ಇಲ್ಲಿ ಅದನ್ನು ಹಿಂದೆ ಮುಂದೆ ಮಾಡಿದ್ದಾರೆ, ಅದು ಸರಿ. ‘ನನ್ನ ಹೊಟ್ಟೆ ತಣ್ಣಗಿರಲಿ’ ಅಂತ ಮೊದಲ ದಿನವೇ ಹೇಳಿಸಿದರೆ ಅರ್ಧ ಜನಕ್ಕೆ ನಾಚಿಕೆ, ಉಳಿದವರಿಗೆ ಅಳು. ಮಗು, ಅಜ್ಜಿ, ಮನೆಯ ಹಸು, ಯಾರನ್ನು ನೆನೆದರೆ ತಾನಾಗೇ ಮುಖ ಸಡಿಲವಾಗುತ್ತದೋ ಅವರಿಂದ ಶುರು ಮಾಡಿ, ಆ ಬಿಸುಪು ಆರುವ ಮುಂಚೆ ತನ್ನ ಕಡೆ ತಿರುಗಿಸಬೇಕು. ತೀರಿಕೊಂಡವರನ್ನು ಆರಿಸಬಾರದು, ಅದು ದುಃಖದ ದಾರಿಗೆ ಎಳೆಯುತ್ತದೆ. ಮನಸ್ಸು ಕೊಟ್ಟವರನ್ನೂ ಆರಿಸಬಾರದು, ಅದು ಇನ್ನೊಂದು ದಾರಿಗೆ ಎಳೆಯುತ್ತದೆ. ಸಂಪ್ರದಾಯ ಈ ಎರಡೂ ಎಚ್ಚರ ಹೇಳಿದೆ. ಮೇಡಂ ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದಕ್ಕೆ ಕೆಮ್ಮಿ ಸುಮ್ಮನಾಗುತ್ತಾರೆ. ತಂಡದಲ್ಲಿ ಇಂಜಿನಿಯರಿಂಗ್ ಹುಡುಗ ಹುಡುಗಿಯರೇ ಎಂಟು ಜನ; ಹೇಳಬೇಕಿತ್ತು.

ನಾಲ್ಕನೇ ವಾರಕ್ಕಾಗಿಯೇ ಈ ತರಗತಿಗೆ ಸೇರಬಹುದು. ದಿನಾ ಕಾಣುವ, ಆದರೆ ನಮಗೆ ಯಾರೂ ಅಲ್ಲದ ಒಬ್ಬ ಮನುಷ್ಯನನ್ನು ಆರಿಸಿಕೊಳ್ಳಬೇಕು. ಬೀದಿ ಗುಡಿಸುವ ಪೌರಕಾರ್ಮಿಕರು, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ, ಕ್ಯಾತ್ಸಂದ್ರದ ಹೋಟೆಲಿನಲ್ಲಿ ಆವಿಯ ಹಿಂದೆ ನಿಂತು ತಟ್ಟೆ ಇಡ್ಲಿ ತೆಗೆಯುವವರು. ಏಳು ದಿನ ಅದೇ ಮನುಷ್ಯ. ಕಂಡಾಗ ಮೂವತ್ತು ಸೆಕೆಂಡು, ಮನಸ್ಸಿನಲ್ಲಿ ಅದೇ ನಾಲ್ಕು ಸಾಲು. ದಿಟ್ಟಿಸಿ ನೋಡಬಾರದು, ಫೋಟೋ ತೆಗೆಯಬಾರದು, ದುಡ್ಡು ಕೊಡಬಾರದು. ಕೊನೆಯ ನಿಯಮಕ್ಕೆ ತಕರಾರು ಬಂದೇ ಬರುತ್ತದೆ. ಕೊಟ್ಟ ಕೂಡಲೇ ನಾವು ಕೊಟ್ಟವರು, ಅವರು ಇಸಕೊಂಡವರು; ಸಮಕ್ಕೆ ನಿಂತು ನೋಡುವ ಅಭ್ಯಾಸ ಅಲ್ಲಿಗೆ ಮುಗಿಯುತ್ತದೆ. ಏಳನೇ ದಿನ ಮಾತ್ರ ಮಾತು: ‘ನಿಮ್ಮ ಹೆಸರೇನಣ್ಣ’, ‘ಯಾವ ಊರಮ್ಮ’. ಅದಕ್ಕಿಂತ ಹೆಚ್ಚು ಕೆದಕಬಾರದು. ಈ ವಾರ ತಪ್ಪುವುದು ಎರಡು ಕಡೆ. ಕೆಲವರು ಎರಡನೇ ದಿನಕ್ಕೇ ಬೇಸರವಾಗಿ ಆಳು ಬದಲಿಸುತ್ತಾರೆ. ಇನ್ನು ಕೆಲವರು ನಿಜವಾಗಿ ‘ಯಾರೂ ಅಲ್ಲದವರನ್ನು’ ಬಿಟ್ಟು, ಆಗಲೇ ಅಯ್ಯೋ ಅನಿಸುವವರನ್ನು, ಅಂದರೆ ಸಿಗ್ನಲ್ಲಿನಲ್ಲಿ ಕೈ ಚಾಚುವ ಮಗುವನ್ನು ಆರಿಸುತ್ತಾರೆ. ಅದು ಕನಿಕರದ ಹಳೇ ರೂಢಿ, ಹೊಸದೇನೂ ಕಲಿತಂತಾಗುವುದಿಲ್ಲ.

ಐದನೇ ವಾರ ಸೇರದವರು. ಹತ್ತಕ್ಕೆ ಎಷ್ಟು ಉರಿ ಅಂತ ಅಂಕ ಹಾಕಿಸಿ, ಮೂರು ಅಂಕದವರನ್ನೇ ಆರಿಸಲು ಹೇಳುತ್ತಾರೆ: ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುವ ಪಕ್ಕದ ಮನೆಯವರು, ಚಿಲ್ಲರೆ ವಾಪಸ್ ಕೊಡದ ಕಂಡಕ್ಟರ್. ಆದರೂ ನಮ್ಮ ಜಿಲ್ಲೆಯಲ್ಲಿ ಜನ ಆರಿಸುವುದು ಜಮೀನು ಭಾಗದ ಕೇಸಿನಲ್ಲಿ ಎದುರಿಗೆ ನಿಂತ ಅಣ್ಣತಮ್ಮನನ್ನೇ. ಅದು ಒಂಬತ್ತು ಅಂಕ. ಕೂತ ಎರಡೇ ನಿಮಿಷಕ್ಕೆ ದವಡೆ ಬಿಗಿಯುತ್ತದೆ, ಹಾರೈಕೆ ಶಾಪವಾಗುತ್ತದೆ. ಸರಿಯಾದ ಕ್ರಮ ಹೀಗೆ: ಮೂರು ನಿಮಿಷ ಹತ್ತಿರದವರು, ಒಂದು ನಿಮಿಷ ಸೇರದವರು, ಮತ್ತೆ ಹತ್ತಿರದವರು. ದವಡೆ, ಭುಜ, ಮುಷ್ಟಿ ಇವುಗಳಲ್ಲಿ ಯಾವುದು ಬಿಗಿದರೂ ಹಿಂದಕ್ಕೆ. ಹಾರೈಸಿದರೆ ಕ್ಷಮಿಸಿದಂತೆ ಆಗುವುದಿಲ್ಲ, ಕೇಸು ವಾಪಸ್ ತೆಗೆದುಕೊಳ್ಳಬೇಕಾಗಿಯೂ ಇಲ್ಲ. ‘ಕೇಸು ನಡೀಲಿ, ಎದೆ ಉರಿ ಇಳೀಲಿ’ ಅನ್ನುತ್ತಾರೆ ಸಿಸ್ಟರ್.

ಇಲ್ಲೇ ಮೊದಲ ದೊಡ್ಡ ದೂರು. ಕೈಪಿಡಿಯ 23ನೇ ಪುಟದಲ್ಲಿ ‘ನಿಮಗೆ ಅತಿ ಹೆಚ್ಚು ನೋವು ಕೊಟ್ಟ ಮನೆಯವರನ್ನು ನೆನೆಯಿರಿ’ ಅಂತ ಇದೆ. ಬಾಯಲ್ಲಿ ಹೇಳುವುದೊಂದು, ಅಚ್ಚಿನಲ್ಲಿರುವುದೊಂದು. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳು ಇದನ್ನು ಓದಿ ಹೊಡೆಯುವವನಿಗೆ ಹಾರೈಸುತ್ತಾ ಅಲ್ಲೇ ಉಳಿದರೆ ಆ ಪುಟವೇ ಅಪರಾಧಿ. ಕರುಣೆ ಮೊದಲು ಅವಳ ಮೇಲೆ. ಅವಳಿಗೆ ಬೇಕಾದ್ದು 181 ಮಹಿಳಾ ಸಹಾಯವಾಣಿ, ತುರ್ತಾದರೆ 112. ಎರಡು ಸಂಖ್ಯೆ ಅಚ್ಚು ಹಾಕಿಸಲು ಎಷ್ಟು ಶಾಯಿ ಬೇಕು?

ಆರನೇ ವಾರದ ಅಭ್ಯಾಸ ಟಿಬೆಟಿನ ತೊಂಗ್ಲೆನ್. ಇನ್ನೊಬ್ಬರ ಸಂಕಟವನ್ನು ಹೊಗೆಯಂತೆ ಒಳಗೆ ಎಳೆದುಕೊಂಡು, ತಂಪನ್ನು ಹೊರಗೆ ಬಿಡುವ ಕಲ್ಪನೆ. ಬಲವಾದ ಸಾಧನ, ಅದಕ್ಕೇ ಎಚ್ಚರ ಬೇಕು. ಆಸ್ತಮಾ ಇರುವವರು, ಎದೆ ಡವಗುಟ್ಟಿ ಉಸಿರು ಸಿಕ್ಕಿಹಾಕಿಕೊಳ್ಳುವ ತೊಂದರೆ ಇರುವವರು, ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಇದನ್ನು ಮಾಡಬಾರದು. ಅವರಿಗೆ ‘ಹೊರಗೆ ತಂಪು’ ಎಂಬ ಅರ್ಧ ಭಾಗ ಮಾತ್ರ ಸಾಕು. ಈ ತರಗತಿಯಲ್ಲಿ ಸೇರುವಾಗ ಕೇಳುವುದು ಹೆಸರು, ಫೋನ್ ನಂಬರ್, ರಕ್ತದ ಗುಂಪು. ರಕ್ತದ ಗುಂಪು ಯಾಕೋ ತಿಳಿಯದು. ಕೇಳಬೇಕಾದ್ದು ಮೂರೇ ಪ್ರಶ್ನೆ: ನಿದ್ದೆ ಹೇಗಿದೆ, ಮನಸ್ಸಿಗೆ ಸಂಬಂಧಿಸಿದ ಔಷಧಿ ಇದೆಯಾ, ವರ್ಷದೊಳಗೆ ಯಾರನ್ನಾದರೂ ಕಳೆದುಕೊಂಡಿರಾ. ಕೂತಲ್ಲಿ ಯಾರಾದರೂ ನಡುಗತೊಡಗಿದರೆ ಕಣ್ಣು ತೆರೆಸಿ, ಪಾದ ನೆಲಕ್ಕೆ ಊರಿಸಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಬೇಕು, ನೀರು ಕೊಡಬೇಕು. ‘ಅಳಿ, ಹೊರಗೆ ಬರಲಿ’ ಅಂತ ಹುರಿದುಂಬಿಸುವುದು ತಪ್ಪು. ಸಿಸ್ಟರ್‌ಗೆ ಇದೆಲ್ಲ ಗೊತ್ತು, ಆದರೆ 24 ಜನ ಕಣ್ಣು ಮುಚ್ಚಿ ಕೂತಾಗ ಗಮನಿಸಲು ಅವರೊಬ್ಬರು ಸಾಲದು. ತರಗತಿ ಮುಗಿದ ಮೇಲೂ ಮನಸ್ಸು ಕದಡಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆರನೇ ವಾರದಿಂದಲೇ ‘ಕೈಕೆಲಸ’ ಕೂಡ ಶುರು. ಆರಾರು ಜನರ ಗುಂಪು, ಎರಡರಲ್ಲಿ ಒಂದು ಕೆಲಸ: ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದಾರಿ ತೋರಿಸುವುದು, ಇಲ್ಲವೇ ಅಲ್ಲೇ ರೋಗಿಗಳ ಜೊತೆಗಿರುವವರಿಗೆ ಊಟದ ಪೊಟ್ಟಣ ಕೊಡುವುದು. ಕಣ್ಣು ಮುಚ್ಚಿ ಕೂರಿಸಿ ಮನೆಗೆ ಕಳಿಸುವ ತರಗತಿಗಳೇ ಹೆಚ್ಚಿರುವಾಗ ಇದು ದೊಡ್ಡ ಗುಣ.

ಆಸ್ಪತ್ರೆಯ ಕೆಲಸ ಸೋಮವಾರ ಬೆಳಿಗ್ಗೆ ಎರಡು ಗಂಟೆ. ಜೇಬಿನಲ್ಲಿ ಎರಡು ಪೆನ್ನು, ಒಂದು ಸಣ್ಣ ಪುಸ್ತಕ, ಓದುವ ಕನ್ನಡಕ. ಚೀಟಿ ಮಾಡಿಸುವ ಸಾಲು ಯಾವುದು, ರಕ್ತ ಪರೀಕ್ಷೆ ಎಲ್ಲಿ, ಎಕ್ಸ್‌ರೇ ಎಲ್ಲಿ, ಔಷಧಿ ಕಿಟಕಿ ಎಷ್ಟಕ್ಕೆ ಮುಚ್ಚುತ್ತದೆ ಅನ್ನುವುದನ್ನು ಹಿಂದಿನ ದಿನವೇ ಒಂದು ಸುತ್ತು ಹಾಕಿ ಬರೆದುಕೊಂಡಿರಬೇಕು. ಅಕ್ಷರ ಬಾರದವರಿಗೆ ಅರ್ಜಿ ತುಂಬಿಕೊಡಬೇಕು, ಹೆಬ್ಬೆಟ್ಟು ಹಾಕಿಸುವ ಮುಂಚೆ ಬರೆದದ್ದನ್ನು ಜೋರಾಗಿ ಓದಿ ಹೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಮೂಲ ಮಾಹಿತಿ ಬಾಯಲ್ಲಿರಬೇಕು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30ರಷ್ಟು, ಆಧಾರ್, ರೇಷನ್ ಕಾರ್ಡ್ ಎರಡೂ ಬೇಕು, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದೊಂದು ಮಾತು ಸರಿಯಾದ ಹೊತ್ತಿಗೆ ಸಿಕ್ಕಿದರೆ ಶಿರಾ, ಮಧುಗಿರಿ ಕಡೆಯ ಒಂದು ಮನೆ ಕೈಸಾಲ ತಪ್ಪಿಸಿಕೊಳ್ಳಬಹುದು. ಮಾಡಬಾರದ್ದು: ಔಷಧಿ ಸಲಹೆ, ಸಾಲು ಮುರಿಸಿ ಪರಿಚಯದವರನ್ನು ಒಳಗೆ ಬಿಡಿಸುವುದು, ಸೆಲ್ಫಿ. ಎರಡನೆಯದನ್ನು ಜನ ಕರುಣೆ ಅಂತಲೇ ತಿಳಿದಿರುತ್ತಾರೆ. ಒಬ್ಬ ಅಜ್ಜನ ಮೇಲಿನ ಪ್ರೀತಿಗೆ ಹಿಂದೆ ನಿಂತ ನಲವತ್ತು ಅಜ್ಜಂದಿರ ಸಮಯ ತೆತ್ತ ಹಾಗೆ ಅದು.

ಪೊಟ್ಟಣದ ಕೆಲಸಕ್ಕೆ ಚಿತ್ರಾನ್ನವನ್ನು ಆರಿಸಿರುವುದು ಸರಿ, ಲೆಕ್ಕವೂ ಸರಿ: 50 ಪೊಟ್ಟಣಕ್ಕೆ ಅಕ್ಕಿ 5 ಕೆಜಿ, ಎಣ್ಣೆ ಮುಕ್ಕಾಲು ಲೀಟರ್, ನಿಂಬೆಹಣ್ಣು 25, ಕಡಲೆಕಾಯಿ ಬೀಜ 400 ಗ್ರಾಂ, ಒಂದೊಂದು ಪೊಟ್ಟಣ ಸುಮಾರು 270 ಗ್ರಾಂ. ತೆಂಗಿನ ತುರಿ ಬೇಡ. ತೆಂಗಿನ ಸೀಮೆಯಲ್ಲಿ ಇದನ್ನು ಒಪ್ಪಿಸುವುದು ಕಷ್ಟ, ಆದರೆ ಸೆಕೆಗೆ ಮೊದಲು ಹಳಸುವುದು ಅದೇ. ಅನ್ನದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಕೈಪಿಡಿಯಲ್ಲಿಲ್ಲ: ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಬೆಂದ ಕೂಡಲೇ ಅಗಲವಾದ ಪರಾತದಲ್ಲಿ ಹರಡಬೇಕು, ಒಗ್ಗರಣೆ ಕಲಸಿ ಆವಿ ಹೋದ ಮೇಲೆ ಕಟ್ಟಬೇಕು, ಕಟ್ಟಿದ ಮೇಲೆ ಎರಡು ಗಂಟೆಯೊಳಗೆ ಕೈಗೆ ಮುಟ್ಟಿಸಬೇಕು. ಬಿಸಿಬಿಸಿಯಾಗಿ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿದರೆ ಒಳಗೆ ಬೆವರಿ ಮಧ್ಯಾಹ್ನಕ್ಕೇ ಹುಳಿ ವಾಸನೆ. ಕೊಡಬೇಕಾದ್ದು ರೋಗಿಯ ಜೊತೆಗಿರುವವರಿಗೆ. ಹಾಸಿಗೆಯಲ್ಲಿರುವವರಿಗೆ ಕೊಡಬಾರದು, ನಾಳೆ ಆಪರೇಷನ್ ಅಂತ ಉಪವಾಸ ಇರಿಸಿರಬಹುದು, ಸಕ್ಕರೆ ಕಾಯಿಲೆ ಇರಬಹುದು. ವಾರ್ಡಿನ ನರ್ಸ್ ಅವರನ್ನು ಕೇಳದೆ ಒಂದು ಬಾಳೆಹಣ್ಣನ್ನೂ ಕೊಡಬಾರದು.

ಇಷ್ಟೆಲ್ಲ ಸರಿ ಇದ್ದೂ ಇವರು ಪೊಟ್ಟಣ ಕೊಡುವುದು ಭಾನುವಾರ ಮಧ್ಯಾಹ್ನ. ಆ ಹೊತ್ತಿಗೆ ಹುಟ್ಟುಹಬ್ಬದವರು, ಪುಣ್ಯತಿಥಿಯವರು, ಕ್ಲಬ್ಬಿನವರು ಎಲ್ಲರೂ ಅಲ್ಲೇ ಇರುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಮೂರು ಪೊಟ್ಟಣ, ಕಸದ ಬುಟ್ಟಿಯಲ್ಲಿ ನಾಲ್ಕನೆಯದು. ಮಂಗಳವಾರ ರಾತ್ರಿ ಎಂಟೂವರೆಗೆ, ಕ್ಯಾಂಟೀನ್ ಮುಚ್ಚಿದ ಮೇಲೆ, ಅದೇ ಆಸ್ಪತ್ರೆಯ ವರಾಂಡದಲ್ಲಿ ಬನ್ನು ನೀರಿನಲ್ಲಿ ರಾತ್ರಿ ಕಳೆಯುವವರಿಗೆ ಯಾರೂ ಇಲ್ಲ. ಕೊಡುವವರ ಬಿಡುವಿಗೆ ಹೊಂದಿಸಿದ ಕರುಣೆ ಇದು, ಉಣ್ಣುವವರ ಹಸಿವಿಗೆ ಹೊಂದಿಸಿದ್ದಲ್ಲ. ಇದನ್ನು ಮೇಡಂ ಅವರ ಗಮನಕ್ಕೆ ತಂದರೆ ‘ಎಲ್ಲರಿಗೂ ಕೆಲಸ ಇರುತ್ತಲ್ವಾ’ ಎಂಬ ಉತ್ತರ ಬರುತ್ತದೆ. ನಿಜವೇ. ಆರು ಜನರಲ್ಲಿ ಪಾಳಿ ಹಾಕಿದರೆ ಒಬ್ಬೊಬ್ಬರಿಗೆ ಆರು ವಾರಕ್ಕೊಂದು ಮಂಗಳವಾರ ಬೀಳುತ್ತದೆ, ಅದೂ ನಿಜ.

ಏಳನೇ ವಾರದ ವಿಷಯ ಆತುರ. 1973ರಲ್ಲಿ ಪ್ರಕಟವಾದ ಅಮೆರಿಕದ ಪ್ರಿನ್ಸ್‌ಟನ್‌ನ ಒಂದು ಪ್ರಯೋಗವನ್ನು ಇಲ್ಲಿ ಹೇಳುತ್ತಾರೆ. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಪಾದ್ರಿಯಾಗಲು ಓದುತ್ತಿದ್ದ 40 ಜನರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ನರಳುವಂತೆ ಮಾಡಿದ್ದರು. ಸಮಯ ಇದೆ ಅಂದುಕೊಂಡವರಲ್ಲಿ ಶೇ 63 ಜನ ನೆರವಾದರು. ತಡವಾಗಿದೆ ಅಂತ ಓಡುತ್ತಿದ್ದವರಲ್ಲಿ ಶೇ 10 ಮಾತ್ರ. ಅವರಲ್ಲಿ ಕೆಲವರು ಮಾತಾಡಲು ಹೊರಟಿದ್ದು ದಾರಿಯಲ್ಲಿ ಬಿದ್ದವನನ್ನು ಎತ್ತಿದ ದಯಾವಂತನ ಬೈಬಲ್ ಕತೆಯ ಬಗ್ಗೆಯೇ. ಬೆಳಗಿನ ಬೆಂಗಳೂರು ರೈಲಿಗೆ ಓಡುವ ನಮ್ಮ ಊರಿನವರಿಗೆ ಇದಕ್ಕಿಂತ ಹತ್ತಿರದ ಪಾಠ ಇಲ್ಲ. ಆ ವಾರದ ಮನೆಕೆಲಸವೂ ಅಷ್ಟೇ ಸರಳ: ಏಳು ದಿನ ಹತ್ತು ನಿಮಿಷ ಮುಂಚೆ ಹೊರಡಿ. ಧ್ಯಾನವೂ ಬೇಡ.

ಇದರ ಜೊತೆ ಸಿಸ್ಟರ್ ಅಪಘಾತದ ಪಾಠ ಮಾಡುತ್ತಾರೆ. ರಾಷ್ಟ್ರೀಯ ಹೆದ್ದಾರಿ 48 ಊರ ಪಕ್ಕದಲ್ಲೇ ಇರುವಾಗ ಇದು ಪಠ್ಯಕ್ಕೆ ಹೊರಗಿನ ವಿಷಯವೇನಲ್ಲ. ಮೊದಲು ತಾನು ಸುರಕ್ಷಿತ ಜಾಗದಲ್ಲಿ ನಿಂತು 108ಕ್ಕೆ ಕರೆ. ಬೆಂಗಳೂರು ಕಡೆಯ ರಸ್ತೆಯೋ ಶಿರಾ ಕಡೆಯದೋ, ಹತ್ತಿರದ ಕಿಲೋಮೀಟರ್ ಕಲ್ಲು ಯಾವುದು ಅನ್ನುವುದು ಹೇಳಬೇಕು. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಆಗಾಗ ತೆಗೆದು ನೋಡಬಾರದು. ನೀರು ಕುಡಿಸಬಾರದು. ಕುತ್ತಿಗೆ ತಿರುಗಿಸಿ ಆಟೋಗೆ ಎತ್ತಿ ಹಾಕಬಾರದು. ಉಸಿರು ಕಟ್ಟುತ್ತಿಲ್ಲದಿದ್ದರೆ ಹೆಲ್ಮೆಟ್ ತೆಗೆಯಬಾರದು. ‘ಪೊಲೀಸ್ ಸ್ಟೇಷನ್‌ಗೆ ಅಲೆಸ್ತಾರೆ’ ಎಂಬ ಭಯಕ್ಕೆ ಉತ್ತರ ಕಾನೂನಿನಲ್ಲೇ ಇದೆ: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಮತ್ತು ಅದರಡಿಯ ನಿಯಮಗಳ ಪ್ರಕಾರ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಕೊಡಲು ಒತ್ತಾಯಿಸುವಂತೆಯೂ ಇಲ್ಲ. ಈ ಒಂದು ಗಂಟೆಯನ್ನು ಪ್ರತ್ಯೇಕವಾಗಿ, ಪುಕ್ಕಟೆಯಾಗಿ, ಊರಿನ ಎಲ್ಲ ಆಟೋ ಸ್ಟ್ಯಾಂಡುಗಳಲ್ಲಿ ಮಾಡಿದರೆ ಬಾಕಿ ಏಳು ವಾರಕ್ಕಿಂತ ಹೆಚ್ಚು ಉಪಯೋಗ.

ಇನ್ನು ‘ಎಂಟು ವಾರದಲ್ಲಿ ಮೆದುಳು ಬದಲಾಗುತ್ತದೆ’ ಎಂಬ ಕರಪತ್ರದ ಸಾಲು. ಇದಕ್ಕೆ ಆಧಾರ ಇಲ್ಲವೇ ಇಲ್ಲ ಅಂತಲ್ಲ. 2013ರಲ್ಲಿ ಬಾಸ್ಟನ್ನಿನ ಒಂದು ಪ್ರಯೋಗ: ಕಾಯುವ ಕೋಣೆಯಲ್ಲಿ ಮೂರು ಕುರ್ಚಿ, ಎರಡರಲ್ಲಿ ಮೊದಲೇ ಹೇಳಿ ಕೂರಿಸಿದವರು, ಮೂರನೆಯದರಲ್ಲಿ ಪರೀಕ್ಷೆಗೆ ಒಳಗಾದವರು. ಊರುಗೋಲು ಹಿಡಿದ ಹೆಂಗಸೊಬ್ಬರು ಬಂದು ಗೋಡೆಗೆ ಒರಗುತ್ತಾರೆ. ಎಂಟು ವಾರ ಧ್ಯಾನ ಮಾಡಿದವರಲ್ಲಿ ಶೇ 50 ಜನ ಎದ್ದು ಜಾಗ ಬಿಟ್ಟರು, ಮಾಡದವರಲ್ಲಿ ಶೇ 16. ನಮ್ಮ ಕೆಂಪು ಬಸ್ಸಿನಲ್ಲಿ ದಿನಾ ನಡೆಯುವ ಪರೀಕ್ಷೆ. ಆದರೆ ಒಟ್ಟು ಜನ 40ಕ್ಕೂ ಕಡಿಮೆ, ಮತ್ತೆ ಬರೀ ಉಸಿರಿನ ಧ್ಯಾನ ಮಾಡಿದವರಿಗೂ ಕರುಣೆಯ ಧ್ಯಾನ ಮಾಡಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕ್ರೆಪ್ಲಿನ್ ಮತ್ತು ಸಂಗಡಿಗರಿಗೆ ಕಂಡದ್ದು ಇನ್ನೂ ಮುಜುಗರದ ಸಂಗತಿ: ಕರುಣೆ ಹೆಚ್ಚಿತು ಅಂತ ಬಂದದ್ದು ಧ್ಯಾನ ಕಲಿಸಿದವರೇ ಅಧ್ಯಯನದ ಲೇಖಕರಲ್ಲಿ ಒಬ್ಬರಾಗಿದ್ದಾಗ ಮಾತ್ರ. ಲಾಭ ಇರಬಹುದು, ಸಣ್ಣದಿರಬಹುದು. ಕರಪತ್ರ ಅಷ್ಟು ಹೇಳಿದರೆ ಸಾಕಿತ್ತು.

ಎಂಟನೇ ವಾರ ವೃತ್ತಾಕಾರದಲ್ಲಿ ನಿಂತು ಇಡೀ ಲೋಕಕ್ಕೆ ಹಾರೈಸಿ, ಸರ್ಟಿಫಿಕೇಟ್ ಹಂಚಿ, ಗ್ರೂಪ್ ಫೋಟೋ. ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರ ಮನಸ್ಸು ಮೆದುವಾದರೆ ಜಗತ್ತು ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆಯ ಮೇಲೆ ಈ ವಾರ ನಿಂತಿದೆ. ಅದು ಹೇಗೆ ಸಾಲದು ಅಂತ ತಿಳಿಯಲು ತುಮಕೂರಿನವರು ದೂರ ಹೋಗಬೇಕಿಲ್ಲ, ಕ್ಯಾತ್ಸಂದ್ರದಾಚೆ ಸಿದ್ಧಗಂಗೆಗೆ ಹೋದರೆ ಸಾಕು. 1941ರಲ್ಲಿ ಮಠದ ಹೊಣೆ ಹೊತ್ತು 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರನ್ನು ಜನ ನೆನೆಯುವುದು ದಯೆಗಾಗಿ. ಆದರೆ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ದಿನವೂ ಅನ್ನ, ಅಕ್ಷರ, ಆಶ್ರಯ ಸಿಗುತ್ತಿರುವುದು ದಯೆಗೆ ಉಗ್ರಾಣ, ಒಲೆ, ಪಾಳಿ, ಲೆಕ್ಕದ ಪುಸ್ತಕ ಜೊತೆಯಾದದ್ದರಿಂದ. ಸುತ್ತಲ ರೈತರು ಬೆಳೆದದ್ದರಲ್ಲಿ ಒಂದು ಪಾಲು ತಂದು ಹಾಕುತ್ತಾರೆ. ಸ್ವಾಮೀಜಿ ಇಲ್ಲವಾದ ಮೇಲೂ ಒಲೆ ಉರಿಯುತ್ತಿದೆ. ಪಾವಗಡದ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ರೋಗಿಗಳ ನಡುವೆ ಮಾಡುತ್ತಿರುವುದೂ ಇಂಥದೇ ಕೆಲಸ. ಕ್ಷಯಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಔಷಧಿಗೆ ಬಗ್ಗದ ಹಾಗಾಗುತ್ತದೆ. ಅಲ್ಲಿ ಕರುಣೆ ಅಂದರೆ ಮಾತ್ರೆ ತಪ್ಪದ ಹಾಗೆ ನೋಡಿಕೊಳ್ಳುವುದು.

ಆದ್ದರಿಂದ ಎಂಟನೇ ವಾರದ ಎರಡು ಗಂಟೆಯಲ್ಲಿ ಮಾಡಬೇಕಾದ್ದು ಬೇರೆಯೇ ಇದೆ. ಆರು ಜನರ ಗುಂಪಿಗೆ ಒಂದೇ ಕೆಲಸ, ಒಂದೇ ಜಾಗ, ವಾರದ ಒಂದೇ ದಿನ. ಗೋಡೆಗೆ ಅಂಟಿಸುವ ಪಾಳಿ ಪಟ್ಟಿ, ಬರಲಾಗದವರು ಹಿಂದಿನ ದಿನ ಸಂಜೆ ಆರರೊಳಗೆ ಬದಲಿ ಹೇಳಬೇಕು. ತಿಂಗಳಿಗೆ ತಲಾ 200 ರೂಪಾಯಿ, ಇಬ್ಬರ ಸಹಿ ಇರುವ ಲೆಕ್ಕದ ಪುಸ್ತಕ. ಮೂರು ತಿಂಗಳಿಗೊಮ್ಮೆ ಪಡೆಯುವವರನ್ನೇ ಕೇಳಬೇಕು: ಇದು ಬೇಕಾ, ಬೇರೆ ಏನಾದರೂ ಬೇಕಾ. ಇದ್ಯಾವುದೂ ಇಲ್ಲದ ಕಾರಣ ಹಿಂದಿನ ತಂಡಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಉಳಿದಿರುವುದು ಶುಭೋದಯದ ಹೂವು ಮಾತ್ರ.

ಸೇರುವವರಿಗೆ: ಹೊಟ್ಟೆ ತುಂಬ ತಿಂದು ಬರಬೇಡಿ, ಒಂದು ಬಾಳೆಹಣ್ಣು ಸಾಕು. ಫ್ಯಾನ್ ಕಿರುಗುಟ್ಟುತ್ತದೆ, ಕಿಟಕಿ ಪಕ್ಕ ಕೂರಿ. ಕೈಪಿಡಿಯ 23ನೇ ಪುಟವನ್ನು ಪೆನ್ನಿನಿಂದ ಹೊಡೆದುಹಾಕಿ. ಆರನೇ ವಾರ ಕಷ್ಟ ಅನಿಸಿದರೆ ಕಣ್ಣು ಬಿಟ್ಟು ಸುಮ್ಮನೆ ಕೂತಿರಿ, ಯಾರೂ ಏನೂ ಅನ್ನುವುದಿಲ್ಲ.

ಇನ್ನೊಂದು. ಹಾಲಿಗೆ 22 ಮೆಟ್ಟಿಲು, ಅರ್ಧದವರೆಗೆ ಮಾತ್ರ ಕಂಬಿ, ಲಿಫ್ಟ್ ಇಲ್ಲ. ಮಂಡಿ ನೋವಿನವರು, ಗಾಲಿಕುರ್ಚಿಯವರು ಮೇಲೆ ಬರುವ ಹಾಗೇ ಇಲ್ಲ. ಕೆಳಗಿನ ಅಂಗಡಿ ಭಾನುವಾರ ಮುಚ್ಚಿರುತ್ತದೆ, ಅದರ ಮುಂದಿನ ಜಗುಲಿ 24 ಜನಕ್ಕೆ ಧಾರಾಳ. ಒಂದು ಜಮಖಾನ ಕೆಳಗಿಳಿಸಿದರೆ ಆಯಿತು.